ಏಳು ಗಂಟೆಯ ಗೋಪುರ ನಿಂತ ಮೇಲೆ

ಟೆಲಿವಿಷನ್ ಕಂಪನಿಯ ಕಟ್ಟಡದಲ್ಲಿ ಆಕೆಯನ್ನು ಎಲ್ಲರೂ ಬೋರ್ಡಮ್ಮ ಎಂದೇ ಕರೆಯುತ್ತಿದ್ದರು. ಟೆಲಿಫೋನ್ ಬೋರ್ಡಿನ ಮುಂದೆ ಕೂರುವವಳಾದ್ದರಿಂದ ಬೋರ್ಡಮ್ಮ. ಹೊರಗಿನಿಂದ ಬಂದ ಕರೆಯನ್ನು ಕೇಳಿ, ಬೇಕಾದವರಿಗೆ ದಾಟಿಸುವುದು ಅವಳ ಕೆಲಸ. ಮೆಟ್ಟಿಲುಗಳ ಅಡಿಯಲ್ಲಿ, ಸೂರು ಒಂದು ಕಡೆ ಇಳಿಜಾರಾಗಿ ಬಂದು ನೆಲ ಮುಟ್ಟುವ ಪುಟ್ಟ ಕೋಣೆ ಅವಳದು. ತಲೆ ತಗುಲುತ್ತೆ, ಹುಷಾರು ಎಂದು ಬಂದವರಿಗೆಲ್ಲ ಎಚ್ಚರಿಸುವಳು. ಇಷ್ಟು ವರ್ಷವಾದರೂ ತಾನೇ ಆಗಾಗ ತಲೆ ಬಡಿದುಕೊಂಡು, ಆ ಕೋಣೆ ಕಟ್ಟಿದವನ ವಂಶವನ್ನೆಲ್ಲ ಒಮ್ಮೆ ನೆನೆಯುವಳು.

ಫೋನಿನಲ್ಲಿ ಅವಳ ಮಾತು ಬೆಣ್ಣೆ. ಫೋನ್ ಇಟ್ಟ ಮೇಲೆ ಮೆಣಸಿನಕಾಯಿ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಅದು ಎಲ್ಲದಕ್ಕೂ ಬರುವ ಕೋಪವಲ್ಲ. ಕಾಲು ತುಳಿದರೆ, ಸರದಿಯಲ್ಲಿ ಯಾರಾದರೂ ಮುಂದೆ ನುಗ್ಗಿದರೆ ಹೋಗಲಿ ಬಿಡು ಎನ್ನುವಳು. ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ಮಾತ್ರ ಮೈಯೆಲ್ಲ ಉರಿದುಹೋಗುವುದು. ಒಮ್ಮೆ ಹಲ್ಲಿನ ಡಾಕ್ಟರೊಬ್ಬ ಹಲ್ಲನ್ನು ಅರ್ಧ ಕೊರೆದು, ಊಟದ ಹೊತ್ತಾಯಿತು, ನಾಳೆ ಬನ್ನಿ ಅಂದ. ಬೋರ್ಡಮ್ಮ ಆ ಕುರ್ಚಿಯಿಂದ ಏಳಲೇ ಇಲ್ಲ. ಬಾಯಿ ತೆರೆದುಕೊಂಡೇ ಮಲಗಿದ್ದಳು. ಪಾಪ, ಅವನು ಊಟ ಬಿಟ್ಟು ಹಲ್ಲು ಮುಗಿಸಿದ. ಅವಳ ಮದುವೆಯೂ ಅರ್ಧಕ್ಕೇ ನಿಂತಿತ್ತು. ಗಂಡ ಎನ್ನುವವನು ಒಂದು ದಿನ ಪೆಟ್ಟಿಗೆ ತಗೊಂಡು ಹೊರಟವನು ಯಾಕೆ ಅಂತಲೂ ಹೇಳಲಿಲ್ಲ, ತಿರುಗಿಯೂ ಬರಲಿಲ್ಲ. ಅದರ ಬಗ್ಗೆ ಯಾರಾದರೂ ಕೇಳಿದರೆ, "ಹೋಗೋದು ಹೋದ, ಒಂದು ಮಾತು ಪೂರ್ತಿ ಮಾಡಿ ಹೋಗಬಾರದಿತ್ತಾ?" ಎನ್ನುವಳು, ಅಷ್ಟೇ.

ಆಮೇಲಿನಿಂದ ತಂಗಿಯ ಮನೆಯಲ್ಲೇ ಇದ್ದಳು. ತಂಗಿ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ತಂಗಿಯ ಗಂಡ ಲಾರಿ ಓಡಿಸುವವನು, ಮನೆಗೆ ಬರುವುದು ಅಪರೂಪ. ಅವರಿಗೊಬ್ಬಳು ಮಗಳು, ನಾಲ್ಕನೇ ಕ್ಲಾಸು. ಮನೆಯಲ್ಲಿ ಪುಟ್ಟಿ. ಮೂವರಿಗೂ ಸೇರಿ ಎರಡು ಕೋಣೆ, ಒಂದು ಟಿವಿ. ಸಂಜೆ ಆ ಟಿವಿಗಾಗಿ ದೊಡ್ಡಮ್ಮನಿಗೂ ಮಗಳಿಗೂ ದಿನಾ ಜಟಾಪಟಿ.

ಬೋರ್ಡಮ್ಮನಿಗೆ ಸುದ್ದಿ ಬೇಕು. ಪುಟ್ಟಿಗೆ 'ಏಳು ಗಂಟೆಯ ಗೋಪುರ' ಬೇಕು.

ಅದು ಬೋರ್ಡಮ್ಮನ ಕಂಪನಿಯದೇ ಧಾರಾವಾಹಿ. ಏಳು ಗಂಟೆಗಳು ತೂಗುವ ಗೋಪುರದ ಕಥೆ, ಆದರೆ ಪ್ರಸಾರವಾಗುತ್ತಿದ್ದದ್ದು ಆರು ಗಂಟೆಗೆ. ಹೆಸರು ನಂಬಿ ಏಳಕ್ಕೆ ಟಿವಿ ಹಾಕಿ ಮೋಸಹೋದವರು ಮಾರನೇ ದಿನ ಫೋನಿನಲ್ಲಿ ಜಗಳಕ್ಕೆ ಬರುತ್ತಿದ್ದರು. "ಅದು ಹೊಡೆಯೋ ಗಂಟೆ ಸಾರ್, ನೋಡೋ ಗಂಟೆ ಅಲ್ಲ" ಎಂದು ಹೇಳಿ ಹೇಳಿ ಅವಳಿಗೆ ಆ ಹೆಸರು ಕೇಳಿದರೇ ರೇಗುತ್ತಿತ್ತು. ಕಥೆಯಂತೂ ತಲೆಬುಡವಿಲ್ಲದ್ದು ಎಂದು ಅವಳ ತೀರ್ಮಾನ. ಮಾತಾಡುವ ಏಣಿ, ಹೊಗೆಯಿಂದ ಮಾಡಿದ ರಾಣಿ, ಗಂಟೆಯೊಳಗೆ ಸಿಕ್ಕಿಕೊಂಡ ಹುಡುಗ. "ಏನೇ ಇದು, ಅಡಗೂಲಜ್ಜಿ ಕಥೆ?" ಎಂದು ಮೂಗು ಮುರಿಯುವಳು. ಪುಟ್ಟಿ ತುಟಿಯ ಮೇಲೆ ಬೆರಳಿಟ್ಟು "ಶ್" ಎನ್ನುವಳು. ಆ ಅರ್ಧ ಗಂಟೆ ಮನೆಗೆ ಬೆಂಕಿ ಬಿದ್ದರೂ ಆ ಹುಡುಗಿ ಕದಲುವುದಿಲ್ಲ.

ಒಂದು ಸಂಜೆ ಪುಟ್ಟಿ ಎಂದಿನಂತೆ ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಆರಾಯಿತು. ಗೋಪುರ ಬರಲಿಲ್ಲ. ಹೊಳೆಯುವ ಕೂದಲಿನ ಹೆಂಗಸೊಬ್ಬಳು ಸೋಫಾದ ಮೇಲೆ ಕೂತು, ಪರದೆಯ ಬಣ್ಣಕ್ಕೆ ದಿಂಬಿನ ಬಣ್ಣ ಹೇಗೆ ಹೊಂದಿಸಬೇಕೆಂದು ಹೇಳತೊಡಗಿದಳು. ಪುಟ್ಟಿ ಕಾದಳು. ಜಾಹೀರಾತಿರಬೇಕು ಎಂದುಕೊಂಡಳು. ಅರ್ಧ ಗಂಟೆಯೂ ದಿಂಬೇ ಆಯಿತು. ಮಾರನೇ ದಿನವೂ ದಿಂಬು. ಮೂರನೇ ದಿನ ಅವಳು ಟಿವಿ ಆರಿಸಿ, ಚಪ್ಪಲಿ ಬಿಡುತ್ತಿದ್ದ ಬೋರ್ಡಮ್ಮನ ಮುಂದೆ ಬಂದು ನಿಂತಳು.

"ದೊಡ್ಡಮ್ಮ, ನೀನು ಅಲ್ಲೇ ಕೆಲಸ ಮಾಡೋದಲ್ವಾ? ಕೇಳ್ಕೊಂಡು ಬಾ."

"ಏನಂತ ಕೇಳ್ಲೇ?"

"ತಮ್ಮ ಇನ್ನೂ ಗಂಟೆಯೊಳಗೇ ಇದಾನೆ. ಅಕ್ಕ ಮೇಲಿನ ಮೆಟ್ಟಿಲ ಹತ್ರ ಬಂದಿದ್ಳು. ಹಿಂದೆ ಹೊಗೆರಾಣಿ ಬರ್ತಿದ್ಳು. ಮುಂದುವರಿಯುವುದು ಅಂತ ಹಾಕಿದ್ರು. ಎಲ್ಲಿ ಮುಂದುವರೀತು?"

ಬೋರ್ಡಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಕೇಳಬೇಕೆಂದೂ ಅವಳಿಗೆ ಆಗ ಅನ್ನಿಸಲಿಲ್ಲ. ಆದರೆ ಅಷ್ಟರಲ್ಲಾಗಲೇ ಬೋರ್ಡಿನ ಮೇಲೆ ಕೆಂಪು ದೀಪಗಳು ಮಿನುಗತೊಡಗಿದ್ದವು. ಶಾಲೆ ಬಿಡುವ ಹೊತ್ತಿಗೆ ಶುರು. ಮೊದಲು ಉಸಿರಾಟ ಕೇಳುತ್ತಿತ್ತು, ಆಮೇಲೆ ಹಿಂದಿನಿಂದ ಯಾರೋ "ಮಾತಾಡೇ, ಮಾತಾಡೇ" ಎಂದು ತಿವಿಯುವ ಸದ್ದು, ಆಮೇಲೆ ಪ್ರಶ್ನೆ. ಎಲ್ಲರದೂ ಒಂದೇ: ಗೋಪುರ ಯಾಕೆ ಬರ್ತಿಲ್ಲ?

ಕಾರ್ಯಕ್ರಮ ವಿಭಾಗದ ಸಾಹೇಬರು ಹೇಳಬೇಕಾದ ವಾಕ್ಯವನ್ನು ಮೇಲಿನಿಂದ ಕಳಿಸಿಕೊಟ್ಟಿದ್ದರು. 'ತಾಂತ್ರಿಕ ಕಾರಣಗಳಿಂದ ಪ್ರಸಾರ ಸ್ಥಗಿತಗೊಂಡಿದೆ. ನಿಮ್ಮ ಅಭಿಪ್ರಾಯ ದಾಖಲಾಗಿದೆ. ಧನ್ಯವಾದ.' ಬೋರ್ಡಮ್ಮ ಅದನ್ನು ಬೆಣ್ಣೆಯ ದನಿಯಲ್ಲಿ ಹೇಳಿದಳು. ದೊಡ್ಡವರಾಗಿದ್ದರೆ ಫೋನ್ ಇಟ್ಟುಬಿಡುತ್ತಿದ್ದರು. ಇವರು ಇಡಲಿಲ್ಲ.

"ತಾಂತ್ರಿಕ ಅಂದ್ರೆ ಏನು?" ಎಂದಿತು ಒಂದು ಹೆಣ್ಣುದನಿ.

"ಅಂದ್ರೆ... ಮೆಷಿನ್ನು, ವೈರು, ಅಂಥದ್ದು."

"ವೈರು ಕೆಟ್ಟಿದ್ರೆ ಆ ಸೋಫಾ ಆಂಟಿ ಹೇಗೆ ಬರ್ತಾರೆ?"

ಬೋರ್ಡಮ್ಮ ಧನ್ಯವಾದ ಎಂದು ಕರೆ ಮುಗಿಸಿದಳು. ಮುಂದಿನದು ಮೂಗು ಕಟ್ಟಿದ ಹುಡುಗನದು. ಅವನು ಯಾಕೆ ನಿಂತಿತು ಎಂದು ಕೇಳಲೇ ಇಲ್ಲ. ಸ್ವಲ್ಪ ಹೊತ್ತು ಸುರ್ ಸುರ್ ಎಂದು ಮೂಗೆಳೆದು, ತುಂಬ ಸಣ್ಣಗೆ ಕೇಳಿದ:

"ಮೇಡಂ, ಗಂಟೆಯೊಳಗೆ ಉಸಿರಾಡೋಕೆ ಆಗುತ್ತಾ?"

"ಆಗುತ್ತೆ ಮರಿ" ಎಂದುಬಿಟ್ಟಳು ಬೋರ್ಡಮ್ಮ. "ಗಂಟೆ ಕೆಳಗಡೆ ತೆರೆದೇ ಇರುತ್ತಲ್ಲ. ಗಾಳಿ ಆಡ್ತಿರುತ್ತೆ."

"ಹೌದಾ?" ಹುಡುಗ ಉಸಿರುಬಿಟ್ಟ. "ಹಂಗಾದ್ರೆ ಪರವಾಗಿಲ್ಲ. ನಿನ್ನೆಯಿಂದ ಅದೇ ಯೋಚನೆ ಆಗಿತ್ತು."

ಅವನು ಫೋನ್ ಇಟ್ಟ ಮೇಲೆ ಬೋರ್ಡಮ್ಮ ಕಿವಿಯ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಒಂದು ಮಗು ನಿನ್ನೆಯಿಂದ, ಇನ್ನೊಬ್ಬ ಹುಡುಗನಿಗೆ ಉಸಿರು ಕಟ್ಟಿತೇನೋ ಎಂದು ಕೂತಿದೆ. ಇಲ್ಲಿ ನಾಲ್ಕು ಮಹಡಿಯ ತುಂಬ ಜನ ಇದ್ದಾರೆ. ಆ ಮಗುವಿಗೆ ಒಂದು ಮಾತು ಹೇಳಬೇಕೆಂದು ಒಬ್ಬರಿಗಾದರೂ ಅನ್ನಿಸಿತೆ? ತನಗೇ ಅನ್ನಿಸಿರಲಿಲ್ಲ. ಅದು ನೆನಪಾಗಿ ಅವಳಿಗೆ ಇನ್ನೂ ಸಿಟ್ಟು ಬಂತು.

ಟೀ ಬಿಡುವಿನಲ್ಲಿ ಮೂರನೇ ಮಹಡಿಗೆ ಹತ್ತಿದಳು. ಸಾಹೇಬರು ದೊಡ್ಡ ಕಿಟಕಿಯ ಪಕ್ಕ ಕೂತು ಪರದೆ ಕಂಪನಿಯವರು ಕಳಿಸಿದ ಬಟ್ಟೆಯ ತುಂಡುಗಳನ್ನು ನೋಡುತ್ತಿದ್ದರು. ಒಳ್ಳೆಯ ಮನುಷ್ಯರೇ, ಎಲ್ಲರ ಜೊತೆ ನಗುನಗುತ್ತಾ ಮಾತಾಡುವವರು.

"ಸಾರ್, ಆ ಗಂಟೆ ಧಾರಾವಾಹಿ. ಮುಂದೇನಾಗುತ್ತೆ ಸಾರ್?"

"ಏನೂ ಆಗಲ್ಲ ಬೋರ್ಡಮ್ಮ. ನಿಲ್ಸಿದೀವಿ. ಖರ್ಚು ಜಾಸ್ತಿ. ಹೊಗೆಗೇ ಎಷ್ಟು ಸುರೀತಿದ್ವಿ ಗೊತ್ತಾ ನಿಮಗೆ?"

"ಅಲ್ಲ ಸಾರ್, ಕಥೇಲಿ ಏನಾಗುತ್ತೆ ಅಂತ. ಮಕ್ಕಳು ಕೇಳ್ತಿದಾವೆ."

ಸಾಹೇಬರು ನಕ್ಕರು. "ಮಕ್ಕಳಲ್ವಾ? ಒಂದು ವಾರ ಕೇಳ್ತಾವೆ, ಮರೀತಾವೆ. ಹೋಗಿ ಹೋಗಿ, ಬೋರ್ಡಿನ ಹತ್ರ ಯಾರೂ ಇಲ್ಲ ಅಲ್ಲಿ."

ಕೆಳಗಿಳಿಯುವಾಗ ಹಿತ್ತಲಿನ ಗೋದಾಮಿನ ಬಾಗಿಲು ತೆರೆದಿತ್ತು. ಸೆಟ್ಟು ಕಟ್ಟುವ ಬಡಗಿ ಒಳಗೆ ಟೀ ಕುಡಿಯುತ್ತಿದ್ದ. ಅವನ ಲೋಟ ಇದ್ದದ್ದು ಬೋರಲು ಹಾಕಿದ ಒಂದು ದೊಡ್ಡ ಗಂಟೆಯ ಮೇಲೆ. ಥರ್ಮೋಕೋಲಿನ ಗಂಟೆ, ಹಿತ್ತಾಳೆ ಬಣ್ಣ ಅಲ್ಲಲ್ಲಿ ಎದ್ದು ಬಿಳಿ ಕಾಣುತ್ತಿತ್ತು.

"ಇದೇನಾ ಏಳನೇ ಗಂಟೆ?" ಎಂದಳು.

"ಏಳೋ, ಎಂಟೋ. ಗೋಪುರದ ಗೋಡೆಗೇ ಬಣ್ಣ ಬಳಿದು ಸೋಫಾ ಇಟ್ಟಿದೀವಿ ಅಕ್ಕಾ. ಚೆನ್ನಾಗಿ ಕಾಣ್ತಿದೆ ಅಲ್ವಾ?"

ಬೋರ್ಡಮ್ಮ ಗಂಟೆಯನ್ನೇ ನೋಡಿದಳು. ಥರ್ಮೋಕೋಲೆಂದು ಅವಳಿಗೆ ಗೊತ್ತಿರದ ವಿಷಯವೇನಲ್ಲ. ಆದರೂ ಆ ಲೋಟ ಅಲ್ಲಿ ಇದ್ದದ್ದು ಅವಳಿಗೆ ಸಹಿಸಲಾಗಲಿಲ್ಲ. "ಲೋಟ ತೆಗಿಯಪ್ಪ ಅಲ್ಲಿಂದ" ಎಂದು ಗದರಿ ಹೊರಟುಹೋದಳು. ಬಡಗಿ ಕಕ್ಕಾಬಿಕ್ಕಿಯಾಗಿ ಲೋಟ ಎತ್ತಿ ಕೈಯಲ್ಲಿ ಹಿಡಿದುಕೊಂಡ.

ಅಂದು ಸಂಜೆ ಮನೆಯಲ್ಲಿ ಅವಳೇ ಪುಟ್ಟಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಕಥೆ ಹೇಳು. ಮೊದಲಿಂದ."

"ನಿನಗ್ಯಾಕೆ? ನಿನಗೆ ಇಷ್ಟ ಇಲ್ವಲ್ಲ."

"ಹೇಳೇ ಅಂದ್ರೆ."

ಪುಟ್ಟಿ ಹೇಳಿದಳು. ಅಕ್ಕ ತಮ್ಮ ಇಬ್ಬರು ಮನೆಯ ಮೇಲಿನ ನೀರಿನ ಟ್ಯಾಂಕಿನ ಏಣಿ ಹತ್ತಿದವರು ಇಳಿಯುವಾಗ ಬೇರೆ ದೇಶಕ್ಕೆ ಇಳಿದದ್ದು. ಆ ದೇಶದಲ್ಲಿ ಯಾರಾದರೂ ಮಾತು ಕೊಟ್ಟರೆ ಎಲ್ಲೋ ಒಂದು ಗಂಟೆ ತಾನಾಗಿ ಹೊಡೆಯುವುದು, ಹೊಡೆದ ಮೇಲೆ ಆ ಮಾತನ್ನು ರಾಣಿಯೂ ಹಿಂದಕ್ಕೆ ತಗೊಳ್ಳುವ ಹಾಗಿಲ್ಲದ್ದು. ಅದಕ್ಕೇ ಹೊಗೆರಾಣಿಗೆ ಗಂಟೆಗಳೆಂದರೆ ಆಗದೆ, ಒಂದೊಂದನ್ನೇ ಮೂಕವಾಗಿಸುತ್ತಾ ಬಂದದ್ದು. ಕೊನೆಯ ಗಂಟೆಯ ನಾಲಿಗೆಯ ಜಾಗದಲ್ಲಿ ತಮ್ಮನನ್ನೇ ಕಟ್ಟಿಹಾಕಿದ್ದು. ಈಗ ಯಾರಾದರೂ ಆ ಗಂಟೆ ಹೊಡೆದರೆ ತಮ್ಮನಿಗೇ ಏಟು. ಹೇಳುತ್ತಾ ಹೇಳುತ್ತಾ ಪುಟ್ಟಿಯ ಕೈ ಬಾಯಿ ಎರಡೂ ಓಡುತ್ತಿದ್ದವು. ಒಗೆದ ಬಟ್ಟೆ ಮಡಿಸುತ್ತಿದ್ದ ತಂಗಿಯೂ ಮಡಿಸುವುದನ್ನು ಬಿಟ್ಟು ಕೇಳಿದಳು.

"ನಿನಗೆ ಭಯ ಆಗಲ್ವಾ?" ಎಂದಳು ಬೋರ್ಡಮ್ಮ.

"ಆಗುತ್ತೆ. ಭಯ ಆದ್ರೆ ದಿಂಬು ಹಿಡ್ಕೋತೀನಿ."

"ಮತ್ತೆ ಯಾಕೆ ನೋಡ್ತೀಯ?"

ಪುಟ್ಟಿ ಯೋಚಿಸಿದಳು. "ಶಾಲೇಲಿ ಮನೇಲಿ ಎಲ್ಲಾನೂ ದೊಡ್ಡವರೇ ಮಾಡ್ತೀರಿ. ನಾನು ಏನು ಮಾಡಿದ್ರೂ ಮಾಡದಿದ್ರೂ ಅಲ್ಲಿಗಲ್ಲಿಗೇ. ಅಲ್ಲಿ ಅಕ್ಕ ಮಾಡದಿದ್ರೆ ಏನೂ ಆಗಲ್ಲ ದೊಡ್ಡಮ್ಮ. ಅವಳು ಒಂದು ಮೆಟ್ಟಿಲು ಹತ್ತದಿದ್ರೆ, ತಮ್ಮ ಅಲ್ಲೇ."

ಮಾರನೇ ದಿನದಿಂದ ಬೋರ್ಡಮ್ಮ ಸಾಹೇಬರ ವಾಕ್ಯವನ್ನು ಮಕ್ಕಳಿಗೆ ಹೇಳುವುದನ್ನು ಬಿಟ್ಟಳು. ಕಂಪನಿ ಹೇಳದಿದ್ದರೆ ತಾನು ಹೇಳುತ್ತೇನೆ ಎಂದುಕೊಂಡಳು. ಯಾರು ಕೇಳಿದರೂ ಒಂದಿಷ್ಟು ಹೇಳಿದಳು. ಅಕ್ಕ ಮೇಲೆ ತಲುಪಿದಳು. ಹೊಗೆರಾಣಿ ಮೆಟ್ಟಿಲ ತಿರುವಿನಲ್ಲಿ ನಿಂತಿದ್ದಾಳೆ, ಯಾಕೆಂದರೆ ಗಾಳಿ ಎದುರು ಬೀಸುತ್ತಿದೆ. ತಮ್ಮ ಚೆನ್ನಾಗಿದ್ದಾನೆ, ಹಸಿವೊಂದು ಆಗಿದೆ. ಬೋರ್ಡಿನಲ್ಲಿ ಬೇರೆ ದೀಪಗಳು ಮಿನುಗುತ್ತಿದ್ದರೂ ಮಾತು ಮುಗಿಯುವವರೆಗೆ ಮುಂದಿನ ಕರೆ ತೆಗೆಯುತ್ತಿರಲಿಲ್ಲ.

ಆದರೆ ಮಕ್ಕಳು ಒಬ್ಬರೊಡನೊಬ್ಬರು ಮಾತಾಡಿಕೊಳ್ಳುತ್ತಾರೆ ಎನ್ನುವುದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೂಗು ಕಟ್ಟಿದ ಹುಡುಗ ಮತ್ತೆ ಫೋನ್ ಮಾಡಿದ. ದನಿಯಲ್ಲಿ ಈ ಸಲ ನ್ಯಾಯಾಧೀಶರ ಗತ್ತು.

"ಮೇಡಂ, ನನಗೆ ಹೊಗೆರಾಣಿ ತಿರುವಲ್ಲಿ ನಿಂತಿದಾಳೆ ಅಂದ್ರಿ. ನಮ್ಮ ಕ್ಲಾಸಿನ ಹುಡುಗಿಗೆ ಕಿಟಕಿಯಿಂದ ಒಳಗೆ ಬಂದ್ಳು ಅಂದ್ರಂತೆ. ಯಾವುದು ನಿಜ?"

"ಅದು... ಅರ್ಧ ತಿರುವಲ್ಲಿ, ಅರ್ಧ ಕಿಟಕೀಲಿ. ಹೊಗೆ ಅಲ್ವಾ ಮರಿ."

ಹುಡುಗ ಸುರ್ ಎಂದು ಮೂಗೆಳೆದ. "ಸರಿ. ಆದ್ರೆ ಮುಂದೆ ಎಲ್ಲರಿಗೂ ಒಂದೇ ಹೇಳಿ."

ಅವಳು ಬೆವರು ಒರೆಸಿಕೊಂಡಳು. ಅಂದಿನಿಂದ ದಿನಾ ಸಂಜೆ ಪುಟ್ಟಿಯ ಜೊತೆ ಕೂತು, ಮಾರನೇ ದಿನಕ್ಕೆ ಎಷ್ಟು ಹೇಳಬೇಕೆಂದು ಗೊತ್ತುಮಾಡಿಕೊಂಡು ಹೋಗತೊಡಗಿದಳು. ಪುಟ್ಟಿ ಖಡಕ್. "ರಾಣಿ ಇದ್ದಕ್ಕಿದ್ದ ಹಾಗೆ ಒಳ್ಳೆಯವಳಾಗಬಾರದು. ಅದು ಮೋಸ." "ಪೊಲೀಸ್ ಬರಬಾರದು." "ದೊಡ್ಡವರು ಯಾರೂ ಬಂದು ಬಿಡಿಸಬಾರದು, ನೀನೂ ಸೇರಿ." ತಂಗಿ ಅಡುಗೆಮನೆಯಿಂದ, "ಅಕ್ಕಾ, ನಿನಗೆ ಆಫೀಸಲ್ಲಿ ಕೊಡೋ ಸಂಬಳ ಇದಕ್ಕೇನಾ?" ಎಂದು ನಗುತ್ತಿದ್ದಳು.

ಗುಟ್ಟು ಬಯಲಾಗಲು ಬಹಳ ದಿನ ಬೇಕಾಗಲಿಲ್ಲ. ಯಾರದೋ ಅಪ್ಪ ಸಾಹೇಬರಿಗೇ ನೇರವಾಗಿ ಫೋನ್ ಮಾಡಿ, ನಿಮ್ಮ ಕಂಪನಿಯ ಮೇಡಂ ನನ್ನ ಮಗನಿಗೆ ದಿನಾ ಕಥೆ ಹೇಳುತ್ತಾರಂತೆ, ಬಹಳ ಸಂತೋಷ, ಆದರೆ ಫೋನಿನ ಬಿಲ್ಲು ನೋಡಿದಿರಾ ಎಂದ. ಸಾಹೇಬರು ಬೋರ್ಡಮ್ಮನನ್ನು ಮೇಲೆ ಕರೆಸಿದರು. ಬಯ್ಯುತ್ತಾರೆ ಎಂದುಕೊಂಡು ಹೋದರೆ, ಬಯ್ಯಲಿಲ್ಲ. ನಗುತ್ತಿದ್ದರು.

"ಏನ್ರೀ, ಇಷ್ಟೊಂದು ಮಕ್ಕಳು ಕೇಳ್ತಿದಾವೆ ಅಂತ ಹೇಳಬಾರದಿತ್ತಾ? ಸರಿ, ಒಂದು ಕೊನೇ ಕಂತು ಮಾಡಿ ಮುಗಿಸಿಬಿಡೋಣ. ಹಾಲಿನ ಪುಡಿ ಕಂಪನಿಯವರು ಖರ್ಚು ಹಾಕ್ತಾರಂತೆ. ಖುಷಿನಾ?"

ಖುಷಿಯೇ. ಬೋರ್ಡಮ್ಮನಿಗೆ ಆ ಕ್ಷಣ ಸಾಹೇಬರ ಬಗ್ಗೆ ಇದ್ದ ಸಿಟ್ಟೆಲ್ಲ ಇಳಿದುಹೋಯಿತು. ಕೇಳಿದ ಮಕ್ಕಳಿಗೆಲ್ಲ, "ಭಾನುವಾರ ಬರುತ್ತೆ ನೋಡಿ, ಪೂರ್ತಿ ಬರುತ್ತೆ" ಎಂದಳು. ಎಷ್ಟೋ ದಿನದ ಮೇಲೆ ಫೋನಿನ ಬೆಣ್ಣೆಯನ್ನು ಫೋನ್ ಇಟ್ಟ ಮೇಲೂ ಹಾಗೇ ಉಳಿಸಿಕೊಂಡು ಮನೆಗೆ ಹೋದಳು.

ಭಾನುವಾರ ಮೂವರೂ ಟಿವಿ ಮುಂದೆ ಕೂತರು.

ಅಕ್ಕನ ಪಾತ್ರದ ಹುಡುಗಿ ಹಾಸಿಗೆಯಲ್ಲಿ ಮಲಗಿದ್ದಳು. ಕಣ್ಣು ಬಿಟ್ಟಳು. ಎದ್ದು ಕೂತು, "ಅಬ್ಬಾ! ಎಲ್ಲಾ ಬರೀ ಕನಸು!" ಎಂದಳು. ಅಮ್ಮ ಎನ್ನುವವಳು ಹಾಲಿನ ಲೋಟ ತಂದಳು; ಲೋಟದ ಪಕ್ಕದಲ್ಲಿ ಪುಡಿಯ ಡಬ್ಬಿ, ಹೆಸರು ನೋಡುವವರ ಕಡೆಗೆ ತಿರುಗಿಸಿಟ್ಟದ್ದು. "ತಮ್ಮ ಎಲ್ಲಮ್ಮಾ?" ಎಂದಳು ಹುಡುಗಿ. "ಅವನು ಅಜ್ಜಿ ಮನೆಗೆ ಹೋಗಿದಾನೆ ಪುಟ್ಟಾ. ಹಾಲು ಕುಡಿ, ಶಕ್ತಿ ಬರುತ್ತೆ." ಹುಡುಗಿ ಹಾಲು ಕುಡಿದು ನಕ್ಕಳು. ಶುಭಂ ಎಂದು ಬಂತು. ಆಮೇಲೆ ಬೋರ್ಡಮ್ಮನಿಗೆ ತಿಳಿಯಿತು, ತಮ್ಮನ ಪಾತ್ರದ ಹುಡುಗನಿಗೆ ಪರೀಕ್ಷೆಯಿತ್ತಂತೆ, ಅದಕ್ಕೇ ಅಜ್ಜಿ ಮನೆ.

ಪುಟ್ಟಿ ಅಳಲಿಲ್ಲ. ಕೂಗಾಡಲಿಲ್ಲ. ಟಿವಿಯನ್ನೇ ನೋಡುತ್ತಾ, "ಅವರಿಗೆ ಅಜ್ಜಿ ಇಲ್ಲ" ಎಂದಳು. "ಮೊದಲನೇ ದಿನಾನೇ ಹೇಳಿದ್ರು, ಅಜ್ಜಿ ಇಲ್ಲ ಅಂತ." ದೊಡ್ಡಮ್ಮನ ಕಡೆ ತಿರುಗಿ, "ನೀನು ಪೂರ್ತಿ ಬರುತ್ತೆ ಅಂದಿದ್ದೆ" ಎಂದು ಎದ್ದು ಒಳಗೆ ಹೋದಳು.

ಬೋರ್ಡಮ್ಮನ ಕಿವಿ ಬಿಸಿಯಾಯಿತು. ಹಲ್ಲಿನ ಡಾಕ್ಟರು, ಹೇಳದೆ ಹೋದ ಗಂಡ, ಎಲ್ಲರಿಗಿಂತ ಇದು ಹೆಚ್ಚೆನಿಸಿತು ಅವಳಿಗೆ. ಅವರು ಅರ್ಧಕ್ಕೆ ಬಿಟ್ಟಿದ್ದರು, ಅಷ್ಟೇ. ಇವರು ಅರ್ಧಕ್ಕೆ ಬಿಟ್ಟು, ಮುಗಿಯಿತು ಎಂದು ಮಕ್ಕಳ ಕಿವಿಗೆ ಹೂ ಇಡುತ್ತಿದ್ದಾರೆ. ಆ ಹುಡುಗಿ ಹತ್ತಿದ ಒಂದೊಂದು ಮೆಟ್ಟಿಲೂ ಸುಳ್ಳಂತೆ. ಭಯಪಟ್ಟದ್ದು ಸುಳ್ಳಂತೆ, ಧೈರ್ಯ ಮಾಡಿದ್ದೂ ಸುಳ್ಳಂತೆ. ನಿಜವಾದದ್ದು ಹಾಲಿನ ಪುಡಿಯೊಂದೇ. ಅದೂ ತನ್ನ ಬಾಯಿಂದಲೇ ಎಲ್ಲರಿಗೂ ಆಸೆ ಹುಟ್ಟಿಸಿ!

ಸೋಮವಾರ ಶಾಲೆಗೆ ರಜೆಯಿತ್ತು. ಬೆಳಿಗ್ಗೆ ಬೋರ್ಡಮ್ಮ ಕುರ್ಚಿಯಲ್ಲಿ ಕೂರುವ ಮೊದಲೇ ದೀಪಗಳು ಒಂದರ ಪಕ್ಕ ಒಂದು ಹೊತ್ತಿಕೊಂಡಿದ್ದವು. ಮೇಲಿನಿಂದ ಹೊಸ ವಾಕ್ಯ ಬಂದಿತ್ತು: 'ಧಾರಾವಾಹಿ ಸುಖಾಂತ್ಯಗೊಂಡಿದೆ. ನಿಮ್ಮ ಪ್ರೀತಿಗೆ ಧನ್ಯವಾದ.' ಅವಳು ಅದನ್ನು ಓದಿ, ಮುದ್ದೆ ಮಾಡಿ, ಕಸದ ಬುಟ್ಟಿಗೆ ಹಾಕಿ, ಮೊದಲ ಕರೆ ತೆಗೆದಳು.

ಮೂಗು ಕಟ್ಟಿದ ಹುಡುಗ. ಈಗ ಮೂಗು ಕಟ್ಟಿದ್ದು ನೆಗಡಿಯಿಂದಲ್ಲ.

"ಕನಸಾದ್ರೆ ತಮ್ಮ ಎಲ್ಲಿ? ಇದನ್ನ ಮಾಡಿದ್ದು ಯಾರು?"

"ಒಂದು ನಿಮಿಷ ಮರಿ" ಎಂದಳು ಬೋರ್ಡಮ್ಮ. "ಮಾಡಿದವರಿಗೇ ಕೊಡ್ತೀನಿ. ಹೆದರಬೇಡ, ನನ್ನನ್ನ ಕೇಳಿದ ಹಾಗೇ ಕೇಳು." ಕರೆಯನ್ನು ಮೂರನೇ ಮಹಡಿಯ ದೊಡ್ಡ ಕಿಟಕಿಯ ಕೋಣೆಗೆ ದಾಟಿಸಿದಳು.

ಎರಡನೆಯದನ್ನೂ ಅಲ್ಲಿಗೇ. ಮೂರನೆಯದನ್ನೂ. ಸಾಹೇಬರ ಫೋನ್ ಖಾಲಿಯಾಗುವುದನ್ನೇ ಕಾದು ಮುಂದಿನದನ್ನು ಕಳಿಸುವಳು. ನಡುವೆ ದೊಡ್ಡವರ ಕರೆ ಬಂದರೆ ಎಂದಿನಂತೆ ಆಯಾ ವಿಭಾಗಕ್ಕೆ ಕೊಡುವಳು. ಕೆಲಸದಲ್ಲಿ ಎಳ್ಳಷ್ಟೂ ಲೋಪವಿಲ್ಲ. ಮೇಲೆ ಹಾಲಿನ ಪುಡಿಯವರು ಬಂದು ಕೂತಿದ್ದರಂತೆ. ಅವರೆದುರಿಗೇ ಸಾಹೇಬರು ಮೊದಮೊದಲು "ಹೌದು ಪುಟ್ಟಾ, ಅಜ್ಜಿ ಮನೇಲಿದಾನೆ ಪುಟ್ಟಾ" ಎಂದು ಮುದ್ದಾಡುತ್ತಿದ್ದವರು, ಆಮೇಲೆ "ಯಾವ ಅಜ್ಜಿ ಅಂದ್ರೆ... ಅಮ್ಮನ ಅಮ್ಮ... ಇಲ್ವಾ? ಅಪ್ಪನ ಅಮ್ಮ..." ಎಂದು ತೊದಲತೊಡಗಿದರಂತೆ. ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಸಾಹೇಬರು ಬೋರ್ಡಿನ ಕೋಣೆಗೆ ನುಗ್ಗಿದರು, ಇಳಿಜಾರು ಸೂರಿಗೆ ಹಣೆ ಢಣ್ ಎಂದು ಬಡಿಯಿತು. ಬೋರ್ಡಮ್ಮ ಅಂದು ಯಾರನ್ನೂ ಎಚ್ಚರಿಸಲಿಲ್ಲ.

"ಏನ್ರೀ ಇದು? ತಲೆ ಕೆಟ್ಟಿದೆಯಾ ನಿಮಗೆ? ನನಗೆ ಬೇರೆ ಕೆಲಸ ಇಲ್ವಾ?"

"ನನ್ನ ಕೆಲಸಾನೂ ಇದೇ ಸಾರ್. ಯಾರನ್ನ ಕೇಳ್ತಾರೋ ಅವರಿಗೆ ಲೈನ್ ಕೊಡೋದು. ಮಾಡಿದವರು ಯಾರು ಅಂತ ಕೇಳಿದ್ರು. ಕೊಟ್ಟೆ."

"ಮಕ್ಕಳು ರೀ ಅವು! ಮಕ್ಕಳಿಗೆ ಏನು ಉತ್ತರ ಕೊಡೋದು ನಾನು?"

"ಅದನ್ನೇ ನಾನು ಆವತ್ತು ಮೇಲೆ ಬಂದು ಕೇಳಿದ್ದು. ಮರೀತಾವೆ ಅಂದ್ರಿ. ದೊಡ್ಡವರಾಗಿದ್ರೆ ಚಾನೆಲ್ ಬದಲಾಯಿಸಿ ಸುಮ್ಮನಿರ್ತಿದ್ರು ಸಾರ್. ಇವರು ಇನ್ನೂ ನಿಮ್ಮನ್ನ ನಂಬಿಕೊಂಡು ಕೇಳ್ತಿದಾರೆ. ಒಬ್ಬರಿಗಾದ್ರೂ, ತಪ್ಪಾಯ್ತು ಕಣಪ್ಪ, ನಮಗೆ ಮುಗಿಸೋಕೆ ಆಗಲಿಲ್ಲ ಅಂತ ನಿಜ ಹೇಳಿ. ನಾನು ಲೈನ್ ಕೊಡೋದು ನಿಲ್ಲಿಸ್ತೀನಿ."

ಬಾಗಿಲಲ್ಲಿ ನಾಲ್ಕಾರು ಜನ ಸೇರಿದ್ದರು. ಬಡಗಿಯೂ ಇದ್ದ. ಸಾಹೇಬರು ಹಣೆ ಉಜ್ಜಿಕೊಂಡು, "ಒಂದು ಮೂರು ಕಾಸಿನ ಮಕ್ಕಳ ಕಥೆಗೆ..." ಎಂದು ಶುರುಮಾಡಿದವರು ಮುಂದೆ ಹೇಳಲಿಲ್ಲ. ಬೋರ್ಡಿನ ಮೇಲೆ ಮತ್ತೆರಡು ದೀಪ ಹತ್ತಿದವು. ಬೋರ್ಡಮ್ಮ ಅವರನ್ನೇ ನೋಡುತ್ತಾ ಹೆಡ್‌ಫೋನ್ ಅವರ ಕಡೆ ಚಾಚಿದಳು. ಅವರು ಅದನ್ನು ಮುಟ್ಟಲಿಲ್ಲ. ತಿರುಗಿ ಹೊರಟುಹೋದರು.

ಬುಧವಾರ ಅವಳನ್ನು ಬೋರ್ಡಿನಿಂದ ತೆಗೆದು ಹಿತ್ತಲಿನ ಗೋದಾಮಿಗೆ ಹಾಕಿದರು. ವೈರಿನ ಸುರುಳಿ, ಬಲ್ಬು, ಮೊಳೆ ಕೇಳಿದವರಿಗೆ ಕೊಡುವ ಕೆಲಸ. ಮೆಟ್ಟಿಲಡಿಯ ಕೋಣೆಯಲ್ಲಿ ಉತ್ತರ ಹೇಳುವ ಯಂತ್ರ ಕೂರಿಸಿದರು. ಬೋರ್ಡಮ್ಮ ಗೋದಾಮಿನ ಫೋನಿನಿಂದ ಅದಕ್ಕೆ ಕರೆ ಮಾಡಿ ನೋಡಿದಳು. ಜಾಹೀರಾತಿಗಾಗಿ ಒಂದನ್ನು ಒತ್ತಿ ಎಂದಿತು, ಬಿಲ್ಲಿಗಾಗಿ ಎರಡನ್ನು ಎಂದಿತು. ಮಕ್ಕಳು ಒತ್ತಬೇಕಾದ ಅಂಕಿ ಯಾವುದೂ ಇರಲಿಲ್ಲ. ಏನೂ ಒತ್ತದೆ ಕಾದರೆ ಕೊನೆಗೆ ಒಂದು ದನಿ ಬಂತು: "ನಿಮ್ಮ ಅಭಿಪ್ರಾಯ ದಾಖಲಾಗಿದೆ. ಧನ್ಯವಾದ."

ಅದು ಅವಳದೇ ದನಿ. ಎಷ್ಟೋ ವರ್ಷದ ಕೆಳಗೆ, ರಜಾ ದಿನಗಳಿಗೆಂದು ಟೇಪಿನಲ್ಲಿ ಹಿಡಿದಿಟ್ಟದ್ದು.

ಗೋದಾಮಿನ ಬಾಗಿಲು ಹಾಕದೆಯೇ ಅವಳು ಮೂರನೇ ಮಹಡಿಗೆ ಹತ್ತಿದಳು. ಸಾಹೇಬರ ಎದುರು ಯಾರೋ ಅತಿಥಿಗಳಿದ್ದರು. ಇರಲಿ ಎಂದುಕೊಂಡಳು.

"ನನ್ನನ್ನ ಎಲ್ಲಿಗೆ ಬೇಕಾದ್ರೂ ಹಾಕಿ ಸಾರ್. ಮೊಳೆ ಎಣಿಸು ಅಂದ್ರೆ ಎಣಿಸ್ತೀನಿ. ಆದ್ರೆ ನನ್ನ ದನೀಲಿ ಸುಳ್ಳು ಹೇಳಿಸೋಕೆ ನಿಮಗೆ ಅಧಿಕಾರ ಕೊಟ್ಟವರು ಯಾರು? ಎಲ್ಲಿ ದಾಖಲಾಗಿದೆ? ತೋರಿಸಿ. ಒಂದೇ ಒಂದು ಮಗುವಿನ ಮಾತು ಎಲ್ಲಿ ದಾಖಲಾಗಿದೆ ಅಂತ ತೋರಿಸಿ, ನಾನು ಇಲ್ಲಿಂದ ಹೋಗ್ತೀನಿ."

ಸಾಹೇಬರು ತೋರಿಸಲಿಲ್ಲ, ಅವಳು ಹೋಗಲಿಲ್ಲ. ಅತಿಥಿಗಳು ಕುರ್ಚಿಯ ತುದಿಗೆ ಸರಿದು ಕೂತರು. ಕೊನೆಗೆ, "ಬದಲಾಯಿಸ್ತೀವಿ, ಹೋಗಿ ತಾಯಿ" ಎಂದರು. ಆ ವಾರದೊಳಗೆ ಯಂತ್ರದಲ್ಲಿ ಬೇರೆ ಯಾರದೋ ದನಿ ಬಂತು, ಅದೇ ಸುಳ್ಳು ಹೇಳಿತು. ಬೋರ್ಡಮ್ಮ ಗೆದ್ದದ್ದು ಅಷ್ಟೇ. ಅಷ್ಟಾದರೂ ಆಯಿತಲ್ಲ ಎಂದು ಬಡಗಿ ಸಮಾಧಾನ ಹೇಳಲು ಹೋಗಿ ಬೈಸಿಕೊಂಡ.

ಫೋನಿನಲ್ಲಿ ಸಿಗದ ಮೇಲೆ, ಪುಟ್ಟಿಯ ಕ್ಲಾಸಿನ ಮಕ್ಕಳು ಮನೆಗೇ ಬಂದರು. ಒಂದು ಭಾನುವಾರ ಮಧ್ಯಾಹ್ನ ಮುಂದಿನ ಕೋಣೆ ತುಂಬಿ, ಬಾಗಿಲಾಚೆ ಚಪ್ಪಲಿ ರಾಶಿ ಬಿತ್ತು. ಬೋರ್ಡಮ್ಮ ಕಥೆಯನ್ನು ಕೊನೆಯವರೆಗೂ ಹೇಳಿದಳು. ಸುಲಭವಾಗಿ ಮುಗಿಯಲಿಲ್ಲ. ಅಕ್ಕ ಗಂಟೆಯನ್ನು ಹೊಡೆಯದೆ ತಮ್ಮನನ್ನು ಬಿಡಿಸಬೇಕು, ಹೊಡೆಯದಿದ್ದರೆ ಗಂಟೆ ಅವನನ್ನು ಬಿಡುವುದಿಲ್ಲ. ಬೋರ್ಡಮ್ಮ ಒಂದು ಹಗ್ಗ ತಂದಳು, ಮಕ್ಕಳು ಬೇಡ ಅಂದರು. ಹಾರುವ ಏಣಿ ತಂದಳು, ಏಣಿ ಮಾತಾಡುತ್ತೆ, ಹಾರಲ್ಲ ಎಂದು ತಳ್ಳಿಹಾಕಿದರು. ಎರಡು ಗುಂಪಾಗಿ ಜಗಳವೇ ಆಯಿತು. ಕೊನೆಗೆ ಹಿಂದೆ ಗೋಡೆಗೊರಗಿ ಕೂತಿದ್ದ ಒಬ್ಬಳು, ಅಕ್ಕ ರಾಣಿಯಿಂದಲೇ ಒಂದು ಮಾತು ತಗೊಳ್ಳಲಿ, ಆಗ ನಾಲಿಗೆ ಅಲ್ಲಾಡದೇ ಗಂಟೆ ತಾನಾಗಿ ಹೊಡೆಯುತ್ತೆ, ಏಟು ತಮ್ಮನಿಗೆ ಬೀಳಲ್ಲ ಎಂದಳು. ಕೋಣೆಯೆಲ್ಲ ಹೋ ಎಂದು ಕೂಗಿತು. ರಾಣಿಯನ್ನು ಯಾವ ಮಾತಿನಲ್ಲಿ ಸಿಕ್ಕಿಸಬೇಕೆಂದು ಕತ್ತಲಾಗುವವರೆಗೂ ಕೂತು ಮುಗಿಸಿದರು. ಮಕ್ಕಳು ಹೊಟ್ಟೆ ತುಂಬಿದವರ ಹಾಗೆ ಎದ್ದು ಹೋದರು.

ಕೋಣೆ ಗುಡಿಸುತ್ತಾ ತಂಗಿ ಟಿವಿ ಹಾಕಿದಳು. ಬೋರ್ಡಮ್ಮನ ಕಂಪನಿಯದೇ ಜಾಹೀರಾತು ಬರುತ್ತಿತ್ತು: ಮಕ್ಕಳಿಗಾಗಿ ಹೊಚ್ಚಹೊಸ ಮಾಯಾಲೋಕ, ಮುಂದಿನ ವಾರದಿಂದ. ಒಂದು ಹುಡುಗಿ, ಒಂದು ರೆಕ್ಕೆಯ ಆಮೆ, ಸಮುದ್ರದಡಿಯಲ್ಲಿ ದೀಪ ಹಚ್ಚಿದ ಊರು. ಪುಟ್ಟಿ ನಿಂತಲ್ಲೇ ನಿಂತಳು. ಬಾಯಿ ಅರ್ಧ ತೆರೆದಿತ್ತು.

"ನೋಡ್ತೀಯಾ ನೀನು ಇದನ್ನ?" ಎಂದಳು ಬೋರ್ಡಮ್ಮ.

"ಹೂಂ."

"ನಾಚಿಕೆ ಇಲ್ವೇನೇ? ಅಷ್ಟು ಮೋಸ ಮಾಡಿದವರದ್ದು ಮತ್ತೆ ನೋಡ್ತೀಯಾ? ಮರೆತುಬಿಟ್ಯಾ?"

"ಮರೆತಿಲ್ಲ ದೊಡ್ಡಮ್ಮ" ಎಂದಳು ಪುಟ್ಟಿ, ಕಣ್ಣು ಟಿವಿಯಿಂದ ಕೀಳದೆ. "ಆ ಆಮೆಗೆ ಒಂದೇ ರೆಕ್ಕೆ ನೋಡು. ಇನ್ನೊಂದು ಎಲ್ಲಿ ಹೋಯ್ತೋ."

ಬೋರ್ಡಮ್ಮನಿಗೆ ಎಂಥ ಸಿಟ್ಟು ಬಂತೆಂದರೆ, ಸಾಹೇಬರ ಮೇಲೂ ಅಷ್ಟು ಬಂದಿರಲಿಲ್ಲ. ಇಷ್ಟು ಬೇಗ ಮತ್ತೆ ನಂಬುತ್ತಾವಲ್ಲ ಇವು! ಇದನ್ನೇ ನೆಚ್ಚಿಕೊಂಡಲ್ಲವೆ ಆ ಕಂಪನಿಯವರು ಬದುಕುವುದು? ಹುಡುಗಿಯ ಮುಖ ನೋಡಿ, ತಂಗಿಯ ಕೈಯಿಂದ ಪೊರಕೆ ಕಿತ್ತುಕೊಂಡು ತಾನೇ ಗುಡಿಸತೊಡಗಿದಳು.

ಮುಂದಿನ ವಾರ ಆರಕ್ಕೆ ಪುಟ್ಟಿ ಟಿವಿ ಮುಂದೆ ಕೂತಾಗ, ಬೋರ್ಡಮ್ಮ ಸುದ್ದಿ ಬೇಕೆಂದು ಜಗಳ ಮಾಡಲಿಲ್ಲ. ಕೈಕಟ್ಟಿಕೊಂಡು, ಸಾಲ ವಸೂಲಿಗೆ ಬಂದವರ ಮುಖ ಮಾಡಿಕೊಂಡು ಪಕ್ಕದಲ್ಲಿ ಕೂತಳು.

"ಸರ್ಕೊಳ್ಳೇ ಆ ಕಡೆ" ಎಂದಳು. "ಇದನ್ನ ಹೇಗೆ ಮುಗಿಸ್ತಾರೆ ನೋಡೇಬಿಡ್ತೀನಿ."